ಕಚೇರಿಗೆ ಬೀಗ, ಅಟ್ಟಕ್ಕೆ ಏಣಿ: ವಂಶದ ಬೇರು ಹುಡುಕುವವರ ಪ್ರಶ್ನೆಗಳು

2021ರ ಕೋವಿಡ್ ಎರಡನೇ ಅಲೆಯ ಲಾಕ್‌ಡೌನಿನಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಮನೆತನದ ಹಳೆಯ ವಿವರ ಹುಡುಕುವ ಬಗ್ಗೆಯೇ ಇದ್ದವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ತಿಂಗಳಿಂದ ಮನೆಯಲ್ಲೇ ಇದ್ದೇನೆ. ವಂಶವೃಕ್ಷ ಬರೆಯೋಣವೆಂದರೆ ತಾಲ್ಲೂಕು ಕಚೇರಿಗೆ ಹೋಗುವಂತಿಲ್ಲ, ಊರಿಗೂ ಹೋಗುವಂತಿಲ್ಲ. ತಿಪಟೂರಿನಲ್ಲಿ 84 ವರ್ಷದ ಅಜ್ಜಿ ಇದ್ದಾರೆ, ಫೋನಿನಲ್ಲಷ್ಟೇ ಸಿಗುತ್ತಾರೆ. ಎಲ್ಲಿಂದ ಶುರು ಮಾಡಲಿ?
— ಓದುಗರು, ಗುಬ್ಬಿ

ಉತ್ತರ: ಅಟ್ಟದಿಂದ. ಕಾಗದಕ್ಕೂ ಮೊದಲು ಪಾತ್ರೆ ಇಳಿಸಿ. ಹಿತ್ತಾಳೆ ಕೊಳಗ, ಕಂಚಿನ ತಟ್ಟೆ, ಸ್ಟೀಲ್ ಡಬರಿ, ಎಲ್ಲದರ ಕಂಠ ಮತ್ತು ತಳ ನೋಡಿ. ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು, ಊರು, ಎಷ್ಟೋ ಸಲ ಮದುವೆಯ ತಾರೀಖೂ ಇರುತ್ತದೆ. ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ, ಸವೆದ ಅಕ್ಷರ ಇನ್ನಷ್ಟು ಸವೆಯುತ್ತದೆ. ಒಣ ಅಕ್ಕಿ ಹಿಟ್ಟನ್ನು ಬೆರಳಲ್ಲಿ ಸವರಿ, ಮೇಲ್ಮೈಯನ್ನು ಬಟ್ಟೆಯಲ್ಲಿ ಹಗುರವಾಗಿ ಒರೆಸಿ. ಕೊರೆದ ಗೆರೆಯಲ್ಲಿ ಹಿಟ್ಟು ಉಳಿದು ಅಕ್ಷರ ಬೆಳ್ಳಗೆ ಏಳುತ್ತದೆ. ಆಮೇಲೆ ಟಾರ್ಚನ್ನು ಪಕ್ಕದಿಂದ ಅಡ್ಡಲಾಗಿ ಹಿಡಿದು ಫೋಟೊ ತೆಗೆಯಿರಿ. ಒಂದು ಎಚ್ಚರ: ಪಾತ್ರೆಯ ಮೇಲಿರುವುದು ಸಾಮಾನ್ಯವಾಗಿ ಕೊಟ್ಟವರ ಹೆಸರು. ಒಬ್ಬರ ಮದುವೆಗೆ ಬಂದ ಪಾತ್ರೆ ಇನ್ನೊಬ್ಬರ ಮದುವೆಗೆ ದಾಟಿ ಹೋಗುವುದು ನಮ್ಮಲ್ಲಿ ಹೊಸದಲ್ಲ. ಹಾಗೆ ಬಂದ ಒಂದು ಚೊಂಬಿನಿಂದ ಸಂಬಂಧವೇ ಇಲ್ಲದವರು ನಿಮ್ಮ ವಂಶವೃಕ್ಷದಲ್ಲಿ ಕೂತುಬಿಡಬಹುದು.

ಪಾತ್ರೆಯ ನಂತರ ಮುಯ್ಯಿ ಪುಸ್ತಕ. ಮದುವೆ ಮನೆಯಲ್ಲಿ ಯಾರು ಎಷ್ಟು ಓದಿಸಿದರೆಂದು ಬರೆದಿಟ್ಟ ಆ ಉದ್ದನೆಯ ನೋಟ್‌ಬುಕ್ಕನ್ನು ಜನ ರದ್ದಿಗೆ ಹಾಕುತ್ತಾರೆ. ಆದರೆ ಹೆಸರಿನ ಜೊತೆ ಊರನ್ನೂ ಬರೆದಿಟ್ಟ ದಾಖಲೆ ಮನೆಯಲ್ಲಿ ಅದಕ್ಕಿಂತ ಬೇರೆ ಸಿಗುವುದು ಕಷ್ಟ. ಊರುವಾರು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ನಾಲ್ಕೈದು ಹೆಸರು ಒಂದೇ ಊರಿನಿಂದ ಬಂದಿದ್ದರೆ ಅಲ್ಲಿ ನೆಂಟಸ್ತನ ಇದೆಯೆಂದು ಊಹಿಸಬಹುದು. ಮಿಕ್ಕವರು ಐದು ರೂಪಾಯಿ ಕೊಟ್ಟ ಕಡೆ ಒಬ್ಬರೇ ಐವತ್ತೊಂದು ಕೊಟ್ಟಿದ್ದರೆ ಅವರು ಸೋದರಮಾವನೋ ಬೀಗರೋ ಇರಬಹುದು, ಅಜ್ಜಿಯನ್ನು ಕೇಳಿ. ಹಳೆಯ ಪುಸ್ತಕದಲ್ಲಿ ಅಂಕಿಯ ಪಕ್ಕ ಉದ್ದ ಗೀಟುಗಳಿದ್ದರೆ ಗಾಬರಿಯಾಗಬೇಡಿ: ಒಂದು ಗೀಟು ಕಾಲು, ಎರಡು ಗೀಟು ಅರೆ, ಮೂರು ಗೀಟು ಮುಕ್ಕಾಲು.

ಅಜ್ಜಿಗೆ ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಫೋನ್ ಮಾಡಿ. ಇಪ್ಪತ್ತೈದು ನಿಮಿಷ ಸಾಕು, ದಿನಕ್ಕೆ ಒಂದೇ ವಿಷಯ. ರೆಕಾರ್ಡ್ ಮಾಡುವುದಾದರೆ ಮೊದಲೇ ಹೇಳಿಬಿಡಿ. "ಯಾವ ಇಸವಿ ಅಜ್ಜಿ?" ಎಂದು ಕೇಳಿದರೆ ಅವರು ತೋಚಿದ್ದು ಹೇಳುತ್ತಾರೆ, ನೀವು ಅದನ್ನೇ ನಂಬಿ ಬರೆದುಕೊಳ್ಳುತ್ತೀರಿ. ಅದರ ಬದಲು "ನಿಮ್ಮ ಮದುವೆ ಆದಾಗ ಆಣೆ ನಡೆಯುತ್ತಿತ್ತಾ, ನಯಾ ಪೈಸೆ ಬಂದಿತ್ತಾ?" ಎಂದು ಕೇಳಿ. ನಯಾ ಪೈಸೆ ಬಂದದ್ದು ಏಪ್ರಿಲ್ 1957ರಲ್ಲಿ. ತುಮಕೂರು ಸೀಮೆಯವರಿಗೆ ಇನ್ನೊಂದು ಗುರುತು: ಶಿವಕುಮಾರ ಸ್ವಾಮಿಗಳು ಸಿದ್ಧಗಂಗಾ ಮಠದ ಅಧಿಕಾರ ವಹಿಸಿದ್ದು 1941ರಲ್ಲಿ. ಗೌರಿಬಿದನೂರು ಸೀಮೆಯ ಹಿರಿಯರಾದರೆ ವಿದುರಾಶ್ವತ್ಥದಲ್ಲಿ ಸತ್ಯಾಗ್ರಹಿಗಳ ಮೇಲೆ ಪೊಲೀಸರ ಗುಂಡು ಹಾರಿದ್ದನ್ನು, ಅಂದರೆ 25 ಏಪ್ರಿಲ್ 1938ನ್ನು, ಗುರುತಾಗಿ ಹಿಡಿಯಬಹುದು. ಹೀಗೆ ಮೊದಲು, ಆಮೇಲೆ ಎಂದು ಎರಡು ಕಡೆಯಿಂದ ಒತ್ತುತ್ತಾ ಬಂದರೆ ಎರಡು ಮೂರು ವರ್ಷದ ಅಂತರಕ್ಕೆ ಬಂದು ನಿಲ್ಲುತ್ತೀರಿ.

ತಪ್ಪದೆ ಕೇಳಬೇಕಾದದ್ದು ಹೆಣ್ಣಿನ ಕಡೆಯದು. ಅಜ್ಜಿಯ ತಾಯಿಯ ತವರು ಯಾವುದು, ಆ ಮನೆಯವರ ಮನೆದೇವರು ಎಲ್ಲಿದೆ, ಮುಡಿ ಕೊಡಲು ಎಲ್ಲಿಗೆ ಹೋಗುತ್ತಿದ್ದರು. ಕಂದಾಯದ ಕಾಗದಗಳಲ್ಲಿ ಈ ಕೊಂಡಿ ಸಿಗುವುದು ಬಹಳ ಅಪರೂಪ. ಮನೆದೇವರು ದೂರದ ತಾಲ್ಲೂಕಿನಲ್ಲಿದ್ದರೆ ವಂಶ ಆ ಕಡೆಯಿಂದ ಗುಳೆ ಬಂದಿರಬಹುದು. ಇರಬಹುದು ಅಷ್ಟೇ, ಅದೊಂದನ್ನೇ ಸಾಕ್ಷಿಯೆಂದು ಹಿಡಿಯಬೇಡಿ.

ಪ್ರಶ್ನೆ: ತಂದೆಯವರ ಜಾತಕದಲ್ಲಿ "ಮನ್ಮಥ ಸಂವತ್ಸರ, ಪುಷ್ಯ ಮಾಸ" ಎಂದಿದೆ. ಶಾಲೆಯ ಟಿ.ಸಿ.ಯಲ್ಲಿ 1-6-1954. ಯಾವುದು ಸರಿ?
— ಓದುಗರು, ಚಿಂತಾಮಣಿ

ಉತ್ತರ: ಜಾತಕ. ಸಂವತ್ಸರಗಳು 60, ಪ್ರಭವದಿಂದ ಎಣಿಸಿದರೆ ಮನ್ಮಥ 29ನೆಯದು. ಪ್ರಭವ ಶುರುವಾದದ್ದು 1867, 1927 ಮತ್ತು 1987ರ ಯುಗಾದಿಗೆ. ಕ್ರಮಸಂಖ್ಯೆಯಲ್ಲಿ ಒಂದು ಕಳೆದು ಕೂಡಿ: 1927ಕ್ಕೆ 28 ಸೇರಿಸಿದರೆ 1955. ಲೆಕ್ಕದ ಮೇಲೆ ನಂಬಿಕೆ ಬರಬೇಕಾದರೆ 2021ರ ಯುಗಾದಿಗೆ ಶುರುವಾದ ಪ್ಲವವನ್ನೇ ತಾಳೆ ನೋಡಿ. ಅದು 35ನೆಯದು, 1987ಕ್ಕೆ 34 ಕೂಡಿದರೆ 2021.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುತ್ತದೆ, ಆದ್ದರಿಂದ ಮಾಘ, ಫಾಲ್ಗುಣ ಮತ್ತು ಪುಷ್ಯದ ಹೆಚ್ಚು ದಿನಗಳು ಮುಂದಿನ ಇಸವಿಗೆ ಬೀಳುತ್ತವೆ. ನಿಮ್ಮ ತಂದೆ ಹುಟ್ಟಿದ್ದು 1956ರ ಆರಂಭದಲ್ಲಿ. ಜಾತಕದಲ್ಲಿ ಶಕ ವರ್ಷವಿದ್ದರೆ ಅದೂ ಹೀಗೆಯೇ. 78 ಕೂಡಿದರೆ ಆ ಯುಗಾದಿ ಬಿದ್ದ ಇಸವಿ ಬರುತ್ತದೆ, ಜನವರಿ 1ರಿಂದ ಮುಂದಿನ ಯುಗಾದಿಯವರೆಗಿನ ದಿನಗಳಿಗೆ 79 ಕೂಡಬೇಕು. ಇನ್ನೊಂದು ಸೂಕ್ಷ್ಮ: ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಮಂಗಳವಾರ ಬೆಳಗಿನ ಜಾವ ಮೂರಕ್ಕೆ ಹುಟ್ಟಿದ ಮಗುವಿನ ಜಾತಕದಲ್ಲಿ ಸೋಮವಾರ ಇರುತ್ತದೆ. ಕ್ಯಾಲೆಂಡರಿಗೆ ಹೋಲಿಸಿ "ಜಾತಕವೇ ತಪ್ಪು" ಎನ್ನುವವರು ಬಹುತೇಕ ಇಲ್ಲೇ ಮುಗ್ಗರಿಸುತ್ತಾರೆ.

ಟಿ.ಸಿ.ಯಲ್ಲಿ ಜೂನ್ 1 ಎಂದಿದ್ದರೆ ಅನುಮಾನಿಸಿ. ಶಾಲೆ ಶುರುವಾಗುವ ತಿಂಗಳಿಗೆ ವಯಸ್ಸು ಹೊಂದುವಂತೆ ಮೇಷ್ಟ್ರು ಹಿಂದಕ್ಕೆ ಎಣಿಸಿ ಬರೆದ ತಾರೀಖದು. ಹಾಗೆಂದು ದಾಖಲಾತಿ ಪುಸ್ತಕ ಕೆಲಸಕ್ಕೆ ಬಾರದ್ದಲ್ಲ. ತಾರೀಖು ಬಿಡಿ, ಪೋಷಕರ ಹೆಸರು, ಕಸುಬು, ಹಿಂದೆ ಓದಿದ ಶಾಲೆ ಇವನ್ನು ತೆಗೆದುಕೊಳ್ಳಿ.

ಜಾತಕ ತಾತನದ್ದಾಗಿದ್ದರೆ 60 ವರ್ಷದ ಗೊಂದಲವೂ ಸೇರಿಕೊಳ್ಳುತ್ತದೆ. ಆಗ ತಿಥಿ, ವಾರ, ನಕ್ಷತ್ರ ಮೂರನ್ನೂ ಎರಡು ಇಸವಿಗೂ ಹಚ್ಚಿ ನೋಡಿ. ಮೂರೂ ಕೂಡಿಬರುವುದು ಸಾಮಾನ್ಯವಾಗಿ ಒಂದಕ್ಕೇ.

ಪ್ರಶ್ನೆ: ಮೊಬೈಲಿನಲ್ಲಿ ಪಹಣಿ ತೆಗೆದೆ, ತಾತನ ಹೆಸರು ಸಿಕ್ಕಿತು. ಅಲ್ಲಿಂದ ಹಿಂದಕ್ಕೆ ಹೋಗುವುದು ಹೇಗೆ?
— ಓದುಗರು, ಮಧುಗಿರಿ

ಉತ್ತರ: ಮೊದಲು ಊರು ಸರಿಯಾದದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ಹೊಸಹಳ್ಳಿ, ಗೊಲ್ಲಹಳ್ಳಿ ಎಂಬ ಹೆಸರು ಒಂದೇ ತಾಲ್ಲೂಕಿನಲ್ಲಿ ಎರಡು ಮೂರು ಸಿಗುತ್ತವೆ, ಹೋಬಳಿ ತಪ್ಪಿದರೆ ಬೇರೆಯವರ ತಾತ ಸಿಗುತ್ತಾರೆ.

ಪಹಣಿಯಲ್ಲಿ 9ನೇ ಕಾಲಂ ಸ್ವಾಧೀನದಾರರದ್ದು. ನಿಮಗೆ ಬೇಕಾದದ್ದು 10ನೆಯದು. ಆ ಹೆಸರು ಯಾವ ರೀತಿಯಲ್ಲಿ ಬಂತು, ಕ್ರಯವೋ, ಪೌತಿಯೋ (ಖಾತೆದಾರರು ತೀರಿಕೊಂಡು ವಾರಸುದಾರರಿಗೆ ಬಂದದ್ದು), ವಿಭಾಗವೋ, ಎಂಬುದು ಅಲ್ಲಿ ಎಂ.ಆರ್. (ಖಾತೆ ಬದಲಾವಣೆ ರಿಜಿಸ್ಟರ್) ನಂಬರಿನ ಜೊತೆ ಇರುತ್ತದೆ. ಆ ನಂಬರನ್ನು ವರ್ಷದ ಸಮೇತ ಬರೆದುಕೊಳ್ಳಿ, ಮುಂದಿನ ಬಾಗಿಲಿಗೆ ಅದೇ ಬೀಗದ ಕೈ. ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಹಳೆಯ ವರ್ಷ ಆರಿಸಿ ಹಿಂದಕ್ಕೆ ಹೋಗಬಹುದು. ಆದರೆ ಸುಮಾರು 2000ದ ಹೊತ್ತಿಗೆ ಕಂಪ್ಯೂಟರಿನ ಪಹಣಿ ಮುಗಿಯುತ್ತದೆ, ಅದಕ್ಕೆ ಹಿಂದಿನದು ಕೈಬರಹ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇ.ಸಿ. (ಆಸ್ತಿಯ ಋಣಭಾರ ಪತ್ರ) ಹುಡುಕಲು ಸಿಗುವುದು 2004ರಿಂದ ಈಚೆಗೆ. ಅಣ್ಣತಮ್ಮಂದಿರು ಪಂಚಾಯ್ತಿಯಲ್ಲಿ ಬಾಯಿಮಾತಿಗೆ ಪಾಲಾಗಿದ್ದರೆ ಅದು ಇ.ಸಿ.ಯಲ್ಲಿ ಬರುವುದೇ ಇಲ್ಲ.

ಕೈಬರಹದ ಪಹಣಿಗೆ, ಅದಕ್ಕೂ ಹಿಂದಿನ ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕು ದಾಖಲೆ) ಪುಸ್ತಕಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಿ. ನಕಲು ಅರ್ಜಿಯನ್ನು ಈಗಲೇ ಬರೆದಿಟ್ಟುಕೊಳ್ಳಿ: ಗ್ರಾಮ, ಹೋಬಳಿ, ಸರ್ವೆ ನಂಬರ್, ಬೇಕಾದ ವರ್ಷಗಳು, ಎಂ.ಆರ್. ನಂಬರ್. ಪೌತಿ ಖಾತೆಯದ್ದಾದರೆ ರಿಜಿಸ್ಟರಿನ ಪುಟ ಮಾತ್ರ ಕೇಳಿ ಸುಮ್ಮನಾಗಬೇಡಿ, ಕಡತವನ್ನೇ ಕೇಳಿ. ಖಾತೆ ಮಾಡಿಸಲು ಕೊಟ್ಟ ವಂಶವೃಕ್ಷ ಅದರೊಳಗಿರುತ್ತದೆ, ಮೂರು ತಲೆಮಾರು ಒಂದೇ ಹಾಳೆಯಲ್ಲಿ. ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಮನೆತನದ ಕಥೆಯನ್ನೆಲ್ಲ ಬರೆದ ಅರ್ಜಿ ತಿರಸ್ಕಾರವಾಗುವುದು ಈ ಕಾರಣಕ್ಕೇ.

ಓದುವಾಗ ಎರಡು ಸಣ್ಣ ಪದಗಳ ಮೇಲೆ ಕಣ್ಣಿಡಿ. "ಬಿನ್" ಎಂದರೆ ಮಗ, "ಕೋಂ" ಎಂದರೆ ಹೆಂಡತಿ. "ರಂಗಮ್ಮ ಕೋಂ ಲೇಟ್ ಸಿದ್ದಪ್ಪ" ಎಂಬ ಒಂದು ಸಾಲು ಸಿದ್ದಪ್ಪನ ಹೆಂಡತಿಯ ಹೆಸರನ್ನೂ ಆ ವರ್ಷಕ್ಕೆ ಆತ ತೀರಿಕೊಂಡಿದ್ದನ್ನೂ ಒಟ್ಟಿಗೆ ಹೇಳುತ್ತದೆ. ಹಿರಿಮಗನಿಗೆ ತಾತನ ಹೆಸರಿಡುವ ಮನೆಗಳಲ್ಲಿ "ಸಿದ್ದಪ್ಪ ಬಿನ್ ರಂಗಪ್ಪ", "ರಂಗಪ್ಪ ಬಿನ್ ಸಿದ್ದಪ್ಪ" ಎಂದು ಹೆಸರು ತಿರುಗುತ್ತಲೇ ಇರುತ್ತದೆ. ಇಬ್ಬರು ಸಿದ್ದಪ್ಪರನ್ನು ಒಬ್ಬನೇ ಎಂದು ತಿಳಿದರೆ ಎರಡು ತಲೆಮಾರು ಮಾಯ. ಬಿನ್ ಇಲ್ಲದ ಹೆಸರನ್ನು ಮರಕ್ಕೆ ಸೇರಿಸಲೇಬೇಡಿ. ಹಾಗೆಯೇ 45/1, 45/2, 45/3 ಎಂಬ ಹಿಸ್ಸಾಗಳು (ಒಂದೇ ಸರ್ವೆ ನಂಬರಿನ ತುಂಡುಗಳು) ಮೂವರು ಅಣ್ಣತಮ್ಮಂದಿರ ಪಾಲಿನಂತೆ ಕಂಡರೂ ಒಂದು ಹಿಸ್ಸೆ ಹೊರಗಿನವರಿಗೆ ಕ್ರಯವಾಗಿದ್ದಿರಬಹುದು. ಅದಕ್ಕೂ 10ನೇ ಕಾಲಮ್ಮೇ ಉತ್ತರ.

1950ರ ದಶಕದಲ್ಲಿ ದಾಖಲೆ ಗಕ್ಕನೆ ನಿಂತುಹೋದರೆ ನಿಮ್ಮದು ಇನಾಂ ಗ್ರಾಮವೇ, ಅಂದರೆ ಹಿಂದೆ ಯಾರಿಗೋ ಕೊಡುಗೆಯಾಗಿ ಬಿಟ್ಟ ಊರೇ, ಎಂದು ವಿಚಾರಿಸಿ. ಮೈಸೂರು ಸರ್ಕಾರದ ಇನಾಂ ರದ್ದತಿ ಕಾಯ್ದೆಗಳು 1954 ಮತ್ತು 1955ರವು. ಅದಕ್ಕೆ ಮುಂಚೆ ಆ ಊರುಗಳ ರೈತರ ಲೆಕ್ಕ ಇನಾಂದಾರರ ಕೈಯಲ್ಲಿತ್ತು. ಊರಿನ ಹೆಸರೇ ಸಿಗದಿದ್ದರೆ ಬೇಚಿರಾಕ್ ಗ್ರಾಮಗಳ ಕಡೆ ತಿರುಗಿ. ಬೇಚಿರಾಕ್ ಎಂದರೆ ದೀಪವಿಲ್ಲದ್ದು, ಜನ ಬಿಟ್ಟುಹೋದ ಊರು. ಮನೆ ಒಂದೂ ಉಳಿದಿರದಿದ್ದರೂ ಗ್ರಾಮ ನಕ್ಷೆ, ಸರ್ವೆ ನಂಬರ್, ಪಹಣಿ ಮೂರೂ ಅದರ ಹೆಸರಿನಲ್ಲೇ ಮುಂದುವರಿದಿರುತ್ತವೆ.

ಪ್ರಶ್ನೆ: ನಮ್ಮ ಹಿರಿಯರಿಗೆ ಜಮೀನೇ ಇರಲಿಲ್ಲ. ಹಾಗಾದರೆ ನಮಗೆ ದಾಖಲೆಯೇ ಇಲ್ಲವೇ?
— ಓದುಗರು, ಪಾವಗಡ

ಉತ್ತರ: ಇರುವ ಸಾಧ್ಯತೆ ಚೆನ್ನಾಗಿದೆ. ತೋಟಿ, ತಳವಾರ, ನೀರಗಂಟಿ ಕೆಲಸ ಮಾಡಿದ ಮನೆಗಳಿಗೆ ಆ ಚಾಕರಿಗೆಂದು ಇನಾಂ ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಅದನ್ನು ಮರುಮಂಜೂರು ಮಾಡಿದ ಕಡತಗಳಲ್ಲಿ ಆ ಕೆಲಸ ಯಾರಿಂದ ಯಾರಿಗೆ ಬಂತೆಂಬ ವಿವರ ಹುಡುಕಿ. ದರಖಾಸ್ತಿನಲ್ಲಿ (ಸರ್ಕಾರಿ ಜಮೀನಿನ ಮಂಜೂರಾತಿಯಲ್ಲಿ) ಭೂಮಿ ಸಿಕ್ಕಿದ್ದರೆ ಸಾಗುವಳಿ ಚೀಟಿ ಮನೆಯ ಟ್ರಂಕಿನಲ್ಲೇ ಇದ್ದೀತು. ಗೇಣಿಗೆ ಉತ್ತವರಾದರೆ ಫಾರಂ ನಂ. 7. 1974ರ ಭೂ ಸುಧಾರಣೆಯ ನಂತರ ಭೂ ನ್ಯಾಯಮಂಡಳಿಗೆ ಗೇಣಿದಾರರು ಕೊಟ್ಟ ಅರ್ಜಿ ಅದು, ಕೊಡಲು ಕೊನೆಯ ದಿನ 30 ಜೂನ್ 1979 ಆಗಿತ್ತು. "ನಮ್ಮಪ್ಪನ ಕಾಲದಿಂದ ಉಳುತ್ತಿದ್ದೇವೆ" ಎಂಬ ಹೇಳಿಕೆಯನ್ನು ಅಕ್ಷರಸ್ಥರಲ್ಲದವರ ಬಾಯಿಂದ ಕೇಳಿ ಬರೆದುಕೊಂಡ ಕಾಗದ ಅದರಲ್ಲಿ ಸಿಗಬಹುದು. ನಮ್ಮ ಮಟ್ಟಿಗೆ, ದೊಡ್ಡ ಜಮೀನ್ದಾರರ ಕ್ರಯಪತ್ರಕ್ಕಿಂತ ಇಂಥ ಹೇಳಿಕೆಯಲ್ಲೇ ಮನೆಯ ಸಂಗತಿ ಹೆಚ್ಚು.

ಪ್ರಶ್ನೆ: ಮನೆಮಾತು ತೆಲುಗು, ಕೆಲವು ಕಾಗದ ತೆಲುಗಿನಲ್ಲೇ ಇವೆ. ಹಿರಿಯರು ಮದನಪಲ್ಲಿ ಕಡೆಯಿಂದ ಬಂದವರಂತೆ.
— ಓದುಗರು, ಮುಳಬಾಗಿಲು

ಉತ್ತರ: ಗಡಿ ದಾಟಿದರೆ ಪದಗಳೂ ಬದಲಾಗುತ್ತವೆ. ಇಲ್ಲಿನ ಪಹಣಿ ಅಲ್ಲಿ ಅಡಂಗಲ್, ಇಲ್ಲಿನ ಶಾನುಭೋಗರು ಅಲ್ಲಿ ಕರಣಂ. ಆಂಧ್ರದ ಮೀ ಭೂಮಿ ಜಾಲತಾಣದಲ್ಲಿ ಅಡಂಗಲ್ ಮತ್ತು 1-ಬಿ (ಹಕ್ಕು ದಾಖಲೆ) ಎರಡನ್ನೂ ನೋಡಬಹುದು. ಅಲ್ಲಿನ ಕಾಗದದಲ್ಲಿ ಇಂಟಿಪೇರು (ಮನೆತನದ ಹೆಸರು) ಹೆಸರಿನ ಮುಂದೆ ನಿಲ್ಲುತ್ತದೆ, ಇಲ್ಲಿಗೆ ಬಂದ ಮೇಲೆ ಅದು ಉದುರಿಹೋಗಿ ಬಿನ್ ಮಾತ್ರ ಉಳಿದಿರುತ್ತದೆ. ಆದ್ದರಿಂದ ಇಂಟಿಪೇರನ್ನು ಮನೆಯ ಹಿರಿಯರಿಂದ ಮೊದಲೇ ಕೇಳಿ ತಿಳಿದುಕೊಳ್ಳಿ. ಅಳತೆಯಲ್ಲಿ ಮೋಸಹೋಗಬೇಡಿ: ನಮ್ಮಲ್ಲಿ ಎಕರೆಗೆ 40 ಗುಂಟೆ, ಅಲ್ಲಿ 100 ಸೆಂಟು. ಅಲ್ಲಿನ 2.20 ಎಂದರೆ ಎರಡೂವರೆ ಎಕರೆಯಲ್ಲ, 2 ಎಕರೆ 8 ಗುಂಟೆ. ಇನ್ನೊಂದು ಮಾತು, ಮದನಪಲ್ಲಿ 2022ರವರೆಗೆ ಇದ್ದ ಚಿತ್ತೂರು ಜಿಲ್ಲೆ ಆದದ್ದೇ 1911ರಲ್ಲಿ. ಅದಕ್ಕೆ ಹಿಂದಿನ ಕಾಗದಗಳಲ್ಲಿ ಮದನಪಲ್ಲಿ ಕಡಪ ಜಿಲ್ಲೆಯಲ್ಲಿರುತ್ತದೆ.

ಪ್ರಶ್ನೆ: ಮುತ್ತಾತ ಚಿನ್ನದ ಗಣಿಗೆ "ಉತ್ತರ ಆರ್ಕಾಟಿನಿಂದ" ಬಂದರು ಎಂಬುದಷ್ಟೇ ಗೊತ್ತು.
— ಓದುಗರು, ಕೆ.ಜಿ.ಎಫ್.

ಉತ್ತರ: ಉತ್ತರ ಆರ್ಕಾಟ್ ಈಗ ನಕ್ಷೆಯಲ್ಲಿಲ್ಲ. 1989ರಲ್ಲಿ ಎರಡಾಯಿತು, ಅದರಲ್ಲಿ ವೆಲ್ಲೂರಿನ ಭಾಗ 2019ರಲ್ಲಿ ಮತ್ತೆ ಮೂರಾಯಿತು. ಮುತ್ತಾತ 1911ಕ್ಕೆ ಮೊದಲೇ ಬಂದಿದ್ದರೆ ಅವರ ಊರು ಇಂದಿನ ಆಂಧ್ರದ ಚಿತ್ತೂರಿನಲ್ಲೂ ಇದ್ದೀತು. ಹಾಗಾಗಿ ಊರಿನ ಹೆಸರು ಸಿಗುವ ತನಕ ಜಿಲ್ಲೆಯ ಹಿಂದೆ ಓಡಬೇಡಿ. ಮನೆಯಲ್ಲಿ ಗಣಿಯ ಗುರುತಿನ ಚೀಟಿ, ಪಿ.ಎಫ್. ಕಾಗದ, ಗ್ರಾಚ್ಯುಟಿ ಪತ್ರ, ಕ್ವಾರ್ಟರ್ಸ್ ಚೀಟಿ ಹುಡುಕಿ. ಯಾವ ಗಣಿ ಎಂಬುದನ್ನು ಬರೆದಿಡಿ: ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ. ಗಣಿಗಳು 28 ಫೆಬ್ರವರಿ 2001ರಂದು ಮುಚ್ಚಿದವು, ಕೊನೆಯ ತಲೆಮಾರಿನ ಕೆಲಸಗಾರರು ಇನ್ನೂ ಇದ್ದಾರೆ. ಒಂದೇ ಲೈನಿನಲ್ಲಿ (ಕಾರ್ಮಿಕರ ಮನೆಸಾಲಿನಲ್ಲಿ) ಅಕ್ಕಪಕ್ಕ ಇದ್ದವರು ಹಲವು ಸಲ ಒಂದೇ ಊರಿನವರು, ಹಾಗಾಗಿ ಪಕ್ಕದ ಮನೆಯವರ ಮೂಲ ಊರನ್ನೂ ಕೇಳಿ. ಕ್ರೈಸ್ತ ಕುಟುಂಬವಾದರೆ ಜ್ಞಾನಸ್ನಾನದ ರಿಜಿಸ್ಟರಿನ ಬಗ್ಗೆ ಚರ್ಚಿಗೆ ಪತ್ರ ಬರೆಯಿರಿ. ಹಳೆಯ ಕಾಗದದಲ್ಲಿ ಬೌರಿಂಗ್‌ಪೇಟೆ ಎಂದಿದ್ದರೆ ಅದು ಇಂದಿನ ಬಂಗಾರಪೇಟೆ.

ಪ್ರಶ್ನೆ: ಅಪ್ಪ ಅಮ್ಮನಿಗೆ ಸ್ವಂತ ಸೋದರಮಾವ. ಮರ ಬರೆಯಲು ಹೋದರೆ ಕೊಂಬೆ ಸುತ್ತಿಕೊಳ್ಳುತ್ತದೆ!
— ಓದುಗರು, ಶಿಡ್ಲಘಟ್ಟ

ಉತ್ತರ: ನಮ್ಮ ಸೀಮೆಯ ಅರ್ಧ ಮರಗಳು ಹೀಗೇ. ಚಿತ್ರ ಬಿಟ್ಟು ಸಂಖ್ಯೆ ಹಿಡಿಯಿರಿ. ನೀವು 1, ಅಪ್ಪ 2, ಅಮ್ಮ 3. ಯಾರದೇ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೆ ಒಂದು ಕೂಡಿದರೆ ಅವರ ಅಮ್ಮ. ನಿಮ್ಮ ಅಮ್ಮನ ಅಮ್ಮ 7, ಅವರ ತಂದೆತಾಯಿ 14 ಮತ್ತು 15. ಅವರೇ ನಿಮ್ಮ ಅಪ್ಪನ ತಂದೆತಾಯಿ, ಅಂದರೆ 4 ಮತ್ತು 5. ಪಟ್ಟಿಯಲ್ಲಿ 14ರ ಎದುರು "4 ನೋಡಿ", 15ರ ಎದುರು "5 ನೋಡಿ" ಎಂದು ಬರೆದು ಅಲ್ಲಿಗೇ ನಿಲ್ಲಿಸಿ. ಕಂಪ್ಯೂಟರಿನಲ್ಲಾದರೆ ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡದಲ್ಲೇ ಹೆಸರು ತುಂಬಬಹುದು. ಅದರಲ್ಲಿ ಒಬ್ಬರನ್ನು ಎರಡು ಸಲ ಹೊಸದಾಗಿ ಸೇರಿಸಬೇಡಿ, ಮೊದಲು ತುಂಬಿದವರನ್ನೇ ಕೊಂಡಿ ಹಾಕಿ.

ಪ್ರಶ್ನೆ: ಮುತ್ತಾತ "ದೊಡ್ಡ ಕಾಯಿಲೆ"ಯಲ್ಲಿ ಹೋದರಂತೆ. ಪ್ಲೇಗೋ, 1918ರ ಜ್ವರವೋ? ಜನಗಣತಿಯಲ್ಲಿ ಹೆಸರು ಸಿಗುತ್ತದೆಯೇ?
— ಓದುಗರು, ಮಾಲೂರು

ಉತ್ತರ: ಜನಗಣತಿಯಲ್ಲಿ ಸಿಗುವುದು ಊರುವಾರು ಅಂಕಿಸಂಖ್ಯೆ, ಮನೆಮನೆಯ ಹೆಸರಲ್ಲ. ಕಾಯಿಲೆಯನ್ನು ಹಿರಿಯರ ಮಾತಿನಿಂದ ಗುರುತಿಸಬಹುದು. ತೊಡೆಸಂದಿ, ಕಂಕುಳಲ್ಲಿ ಗಡ್ಡೆ, ಇಲಿ ಸತ್ತು ಬೀಳುವುದು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು ಎಂದರೆ ಪ್ಲೇಗ್. ಮೈಸೂರು ಸೀಮೆಗೆ ಅದು 1898ರಲ್ಲಿ, ವಿಳಂಬಿ ಸಂವತ್ಸರದಲ್ಲಿ, ಬಂದು ಮುಂದೆಯೂ ಬಹಳ ವರ್ಷ ಮರುಕಳಿಸಿತು. ಒಂದೇ ಮನೆಯಲ್ಲಿ ಪ್ರಾಯದವರು ಇಬ್ಬರು ಮೂವರು, ದಸರಾ ದೀಪಾವಳಿಯ ಆಸುಪಾಸಿನಲ್ಲಿ, ಕೆಲವೇ ದಿನದ ಜ್ವರಕ್ಕೆ ಹೋದರು ಎಂದರೆ 1918ರ ಇನ್‌ಫ್ಲುಯೆಂಜಾ, ಕಾಳಯುಕ್ತಿ ಸಂವತ್ಸರ. "ಧಾತು ಈಶ್ವರದಲ್ಲಿ" ಎಂದು ಯಾರಾದರೂ ಅಂದರೆ ಅದು ಇವೆರಡೂ ಅಲ್ಲ, 1876–78ರ ಬರ.

ಪ್ರಶ್ನೆ: ಹೋದ ವರ್ಷವೂ ಈ ವರ್ಷವೂ ಹೆಳವರು ನಮ್ಮೂರಿಗೆ ಬಂದಿಲ್ಲ. ಅವರ ಬಳಿ ನಮ್ಮ ವಂಶಾವಳಿ ಇದೆ.
— ಓದುಗರು, ಶಿರಾ

ಉತ್ತರ: ಸುಗ್ಗಿ ಮುಗಿದ ಮೇಲೆ ಊರೂರು ತಿರುಗುವವರಿಗೆ ಲಾಕ್‌ಡೌನ್ ಎಂದರೆ ವರ್ಷದ ಸಂಪಾದನೆಯೇ ಹೋದಂತೆ. ಊರಿನಲ್ಲಿ ಯಾರ ಬಳಿಯಾದರೂ ಅವರ ಫೋನ್ ನಂಬರ್ ಇರುತ್ತದೆ. ವಾಡಿಕೆಯಂತೆ ಕೊಡುವುದನ್ನು ಮೊದಲು ಕಳಿಸಿ, ಆಮೇಲೆ ನಿಮ್ಮ ಮನೆತನದ ಭಾಗ ಓದಿ ಹೇಳಲು ಕೇಳಿ. ನಡುವೆ ತಡೆಯಬೇಡಿ, ಅದು ಲಯದ ಮೇಲೆ ನಡೆಯುವ ನೆನಪು. ಅವರ ಪಟ್ಟಿ ಹೆಚ್ಚಾಗಿ ಗಂಡು ಸಂತತಿಯದ್ದು, ಮಕ್ಕಳಿಲ್ಲದೆ ಹೋದವರನ್ನೂ ಕೊಟ್ಟ ಹೆಣ್ಣುಮಕ್ಕಳನ್ನೂ ನೀವೇ ಬೇರೆ ಕಡೆ ಹುಡುಕಬೇಕು.

ಪ್ರಶ್ನೆ: ಚಿಕ್ಕಪ್ಪನ ಮನೆಯಿಂದ ಹಳೆಯ ಕ್ರಯಪತ್ರ, ಫೋಟೊಗಳು ಬಂದಿವೆ. ಸ್ಯಾನಿಟೈಸರ್ ಸಿಂಪಡಿಸಬಹುದೇ? ಲ್ಯಾಮಿನೇಟ್ ಮಾಡಿಸಲೇ?
— ಓದುಗರು, ಕುಣಿಗಲ್

ಉತ್ತರ: ಎರಡೂ ಬೇಡ. ಸ್ಯಾನಿಟೈಸರಿನ ಆಲ್ಕೋಹಾಲಿಗೆ ಬಾಲ್‌ಪೆನ್ ಶಾಯಿಯೂ ರಬ್ಬರ್ ಸ್ಟ್ಯಾಂಪಿನ ನೇರಳೆ ಶಾಯಿಯೂ ಕರಗಿ ಹರಡುತ್ತವೆ. ಸೋಂಕಿನ ಭಯವಿದ್ದರೆ ಕಾಗದಗಳನ್ನು ಕವರಿನಲ್ಲೇ ಮೂರು ದಿನ ಯಾರೂ ಮುಟ್ಟದ ಕಡೆ ಇಟ್ಟು, ಆಮೇಲೆ ಕೈ ತೊಳೆದು ಪೂರ್ತಿ ಒಣಗಿಸಿಕೊಂಡು ತೆಗೆಯಿರಿ. ಲ್ಯಾಮಿನೇಶನ್ನಿನ ಬಿಸಿ ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ಬಿಡಿಸುವ ದಾರಿಯಿಲ್ಲ. ಸೆಲೋ ಟೇಪಿನ ಅಂಟು ಕೆಲವೇ ವರ್ಷದಲ್ಲಿ ಕಂದಾಗಿ ಕಾಗದಕ್ಕೆ ಇಳಿಯುತ್ತದೆ. ಗೆದ್ದಲು ತಿಂದ ಕಾಗದವನ್ನು ಮೆತ್ತನೆಯ ಬ್ರಶ್ಶಿನಲ್ಲಿ ಹಗುರವಾಗಿ ಗುಡಿಸಿ, ಒದ್ದೆ ಬಟ್ಟೆ ಸೋಕಿಸಬೇಡಿ.

ಫೋಟೊ ತೆಗೆಯಲು ಕಿಟಕಿಯ ಪಕ್ಕದ, ನೇರ ಬಿಸಿಲಲ್ಲದ ಬೆಳಕು ಸಾಕು, ಫ್ಲಾಶ್ ಬೇಡ. ಮೊಬೈಲನ್ನು ಕಾಗದಕ್ಕೆ ಸಮಾನಾಂತರವಾಗಿ ಒಂದು ಅಡಿ ಮೇಲೆ ಹಿಡಿಯಿರಿ, ಇನ್ನೂ ಹತ್ತಿರ ಹೋದರೆ ಅಂಚು ಬಾಗುತ್ತದೆ. ಹಿಂಬದಿಯನ್ನೂ ತಪ್ಪದೆ ತೆಗೆಯಿರಿ. ಛಾಪಾ ಕಾಗದ ಯಾರ ಹೆಸರಿಗೆ, ಯಾವ ದಿನ ಮಾರಾಟವಾಯಿತೆಂಬ ಬರಹ ಹಲವು ಸಲ ಬೆನ್ನಿಗೇ ಇರುತ್ತದೆ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಕೀಳಬೇಡಿ, ಗಾಜಿನ ಸಮೇತ ಓರೆಯಿಂದ ಬೆಳಕು ಬರುವಂತೆ ಇಟ್ಟು ತೆಗೆಯಿರಿ. ಫೋಟೊದ ಹಿಂದೆ ಹೆಸರು ಬರೆಯುವುದಾದರೆ ಮೆದು ಪೆನ್ಸಿಲ್, ಅದೂ ಅಂಚಿನಲ್ಲಿ.

ಪ್ರಶ್ನೆ: ಮುಗಿಸಿದ ವಂಶವೃಕ್ಷವನ್ನು ವಾಟ್ಸಾಪ್ ಗುಂಪಿಗೆ ಹಾಕಲೇ? ಖಾತೆ ಬದಲಾವಣೆಗೂ ಇದೇ ಸಾಕೇ?
— ಓದುಗರು, ಬಾಗೇಪಲ್ಲಿ

ಉತ್ತರ: ಖಾತೆಗೆ ಸಾಕಾಗದು. ಅದಕ್ಕೆ ನಾಡಕಚೇರಿ ಕೊಡುವ ವಂಶವೃಕ್ಷ ಪ್ರಮಾಣಪತ್ರವೇ ಬೇಕು, ಅದರಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟರೆ ಮುಂದೆ ತಕರಾರು ಖಂಡಿತ. ಗುಂಪಿಗೆ ಹಾಕುವ ಪ್ರತಿಯನ್ನು ಬೇರೆಯೇ ಮಾಡಿ: ಬದುಕಿರುವವರ ಹುಟ್ಟಿದ ತಾರೀಖು, ಫೋನ್ ನಂಬರ್, ಸರ್ವೆ ನಂಬರ್ ಬೇಡ. ಗೊತ್ತಿಲ್ಲದ ಜಾಗ ಖಾಲಿ ಬಿಟ್ಟು "ಇವರ ತವರು ಯಾವುದು?" ಎಂದು ಅಲ್ಲೇ ಬರೆದು ಕಳಿಸಿ. ಯಾವುದಾದರೂ ಚಿಕ್ಕಮ್ಮ ರಾತ್ರಿಯೊಳಗೆ ವಾಯ್ಸ್ ಮೆಸೇಜ್ ಕಳಿಸಿರುತ್ತಾರೆ.